ಪಹಣಿ, ಪೌತಿ ಖಾತೆ, ಪೋಡಿ: ತಾಲ್ಲೂಕು ಕಚೇರಿಗೆ ಹೋಗುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಜಮೀನು ಒಂದೇ ಆದರೂ ಅದರ ಕಾಗದ ಮೂರು ಕಡೆ ಇರುತ್ತದೆ. ಕ್ರಯಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಹಣಿ ಕಂದಾಯ ಇಲಾಖೆಯಲ್ಲಿ, ನಕ್ಷೆ ಭೂಮಾಪನ ಇಲಾಖೆಯಲ್ಲಿ. ಒಂದು ಕಡೆ ಆದದ್ದು ಇನ್ನೊಂದು ಕಡೆಗೆ ತಾನಾಗಿಯೇ ಗೊತ್ತಾಗುತ್ತದೆ ಎಂದುಕೊಂಡವರೇ ಹೆಚ್ಚು ಅಲೆಯುವುದು. ಸರ್ವೆಯವರು ಮಾಡಬೇಕಾದ ಕೆಲಸವನ್ನು ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಕೇಳಿ, ಅವರು "ನೋಡೋಣ" ಅಂದಿದ್ದನ್ನೇ ನಂಬಿಕೊಂಡು ಆರು ತಿಂಗಳು ಕಳೆದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಹಾಗಾಗಿ ಇಲ್ಲಿನ ಪ್ರತಿ ಉತ್ತರದಲ್ಲೂ ಕೆಲಸ ಯಾರ ಮೇಜಿನದು ಎಂಬುದನ್ನು ಹೇಳಲು ನೋಡಿದ್ದೇನೆ.

ರಿಜಿಸ್ಟರ್ ಆಗಿ ತಿಂಗಳಾಯಿತು, ಪಹಣಿಯಲ್ಲಿ ಇನ್ನೂ ಮಾರಿದವರ ಹೆಸರೇ ಇದೆ. ಯಾಕೆ?

ಸಬ್‌ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು, ಪಹಣಿ ಬದಲಿಸುವುದು ಅವರ ಕೆಲಸವಲ್ಲ. ನೋಂದಣಿಯಾದ ಮೇಲೆ ಅಲ್ಲಿಂದ ಜೆ ಸ್ಲಿಪ್ ಎಂಬ ಮಾಹಿತಿ ಗಣಕದ ಮೂಲಕ ತಾಲ್ಲೂಕಿನಲ್ಲಿ ಪಹಣಿಯ ಗಣಕ ದಾಖಲೆ ನೋಡಿಕೊಳ್ಳುವ ಭೂಮಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಿಸುವ ಕೆಲಸ, ಶುರುವಾಗಿ, ಆಕ್ಷೇಪಣೆ ಇದ್ದವರು ಹೇಳಲಿ ಎಂದು ನೋಟಿಸು ಹೊರಡುತ್ತದೆ. ಗಡುವು ಮುಗಿದು ಯಾರೂ ತಕರಾರು ಮಾಡದಿದ್ದರೆ ಕಂದಾಯ ನಿರೀಕ್ಷಕರ ಹಂತ ದಾಟಿ ನಿಮ್ಮ ಹೆಸರು ಏರುತ್ತದೆ.

ತಡವಾಗಿದೆ ಅನ್ನಿಸಿದರೆ ಕ್ರಯಪತ್ರ ಹಿಡಿದು ಮತ್ತೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಡಿ. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ಮ್ಯುಟೇಶನ್ ಯಾವ ಹಂತದಲ್ಲಿದೆ ನೋಡಿ. ಮ್ಯುಟೇಶನ್ ಶುರುವೇ ಆಗಿಲ್ಲ ಎಂದು ತೋರಿಸಿದರೆ ಮಾತ್ರ ಜೆ ಸ್ಲಿಪ್ ಬಂದಿದೆಯೇ ಎಂದು ಭೂಮಿ ಕೇಂದ್ರದಲ್ಲಿ ವಿಚಾರಿಸಿ. ನೋಟಿಸು ಹೊರಟಿದ್ದರೆ ಕಾಯುವುದಷ್ಟೇ ಬಾಕಿ.

ಪಹಣಿಯಲ್ಲಿ ನನ್ನ ಹೆಸರಿದೆ ಅಂದಮೇಲೆ ಜಮೀನು ನನ್ನದೇ ತಾನೇ?

ಹೆಚ್ಚಿನ ಸಲ ಹೌದು, ಆದರೆ ಪಹಣಿ ಇದೆ ಎಂಬ ಒಂದೇ ಕಾರಣಕ್ಕಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 133ನೇ ಕಲಂ ಪ್ರಕಾರ ಪಹಣಿಯ ನಮೂದನ್ನು ನಿಜವೆಂದೇ ಭಾವಿಸಬೇಕು. ಆ ಭಾವನೆ ಉಳಿಯುವುದು ಅದು ತಪ್ಪೆಂದು ಯಾರಾದರೂ ಸಾಬೀತು ಮಾಡುವವರೆಗೆ ಮಾತ್ರ. ಮಾಲೀಕತ್ವ ಬರುವುದು ಕ್ರಯ, ದಾನ, ವಿಭಾಗ, ಉತ್ತರಾಧಿಕಾರ, ಮಂಜೂರಾತಿ ಇವುಗಳಿಂದ. ಮ್ಯುಟೇಶನ್ ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಕಳೆಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ.

ಇದರ ಇನ್ನೊಂದು ಮುಖವೂ ಇದೆ. ಅಣ್ಣನ ಹೆಸರೊಂದೇ ಪಹಣಿಗೆ ಏರಿದ ಮಾತ್ರಕ್ಕೆ ಉಳಿದವರ ಪಾಲು ಹೋಗಿಬಿಡುವುದಿಲ್ಲ. ಹಾಗಂತ ಸುಮ್ಮನೆ ಕೂರಬಾರದು. ಸಾಲ, ಪರಿಹಾರ, ಸಬ್ಸಿಡಿ ಎಲ್ಲವೂ ಪಹಣಿಯಲ್ಲಿ ಹೆಸರಿರುವವರನ್ನೇ ಹುಡುಕಿಕೊಂಡು ಹೋಗುತ್ತವೆ.

ಪಹಣಿ ಕೈಗೆ ಬಂತು. ಅದರಲ್ಲಿ ಏನು ನೋಡಬೇಕು?

ಎಲ್ಲರೂ ನೇರವಾಗಿ ಹೆಸರು ಹುಡುಕುತ್ತಾರೆ. ಹೆಸರು ಇರುವುದು 9ನೇ ಕಾಲಂನಲ್ಲಿ. ಅದಕ್ಕೆ ಮೊದಲು 3ನೇ ಕಾಲಂ ನೋಡಿ, ವಿಸ್ತೀರ್ಣದ ಲೆಕ್ಕ ಇರುವುದು ಅಲ್ಲಿ. ಒಂದು ಉದಾಹರಣೆ ಹಿಡಿಯೋಣ:

ಒಟ್ಟು ವಿಸ್ತೀರ್ಣ 2.14.00
ಫೂಟ್ ಖರಾಬು ಎ 0.03.00
ಫೂಟ್ ಖರಾಬು ಬಿ 0.01.00
ಉಳಿದದ್ದು 2.10.00

ಚುಕ್ಕಿ ಕಂಡು ದಶಮಾಂಶ ಅಂದುಕೊಳ್ಳಬೇಡಿ. ಅದು ಎಕರೆ, ಗುಂಟೆ, ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 2.10 ಅಂದರೆ ಎರಡು ಎಕರೆ ಹತ್ತು ಗುಂಟೆ, ಅಂದರೆ ಎರಡೂಕಾಲು ಎಕರೆ. ಪಟ್ಟಣದಿಂದ ಜಮೀನು ಕೊಳ್ಳಲು ಬಂದವರು ಕ್ಯಾಲ್ಕುಲೇಟರ್‌ನಲ್ಲಿ 2.10 ಒತ್ತಿ ಎಕರೆಯ ದರದಿಂದ ಗುಣಿಸಿದರೆ ಆರು ಗುಂಟೆಯಷ್ಟು ಲೆಕ್ಕ ತಪ್ಪುತ್ತದೆ.

ಖರಾಬಿನಲ್ಲಿ ಎ ಮತ್ತು ಬಿ ಎರಡೂ ಒಂದೇ ಅಲ್ಲ. ಎ ಖರಾಬು ಬಂಡೆ, ಹಳ್ಳದ ಅಂಚು, ಕೃಷಿಗೆ ಬಾರದ ನೆಲ. ಅದು ಹಿಡುವಳಿದಾರರ ಜಮೀನಿನೊಳಗೇ ಇರುತ್ತದೆ, ಅದಕ್ಕೆ ಕಂದಾಯ ಇರುವುದಿಲ್ಲ. ಬಿ ಖರಾಬು ಸಾರ್ವಜನಿಕರದ್ದು: ದಾರಿ, ಹಳ್ಳ, ಸ್ಮಶಾನ. ಬಿ ಖರಾಬನ್ನೂ ಸೇರಿಸಿ ಬೆಲೆ ಹೇಳುವವರು ತಮ್ಮದಲ್ಲದ್ದನ್ನು ಮಾರುತ್ತಿದ್ದಾರೆ ಎಂದೇ ತಿಳಿಯಿರಿ.

ಇನ್ನು 9ನೇ ಕಾಲಂ. ನಮ್ಮ ಉದಾಹರಣೆಯಲ್ಲಿ ಮೂವರು ಅಣ್ಣತಮ್ಮಂದಿರಿದ್ದರೆ ತಲಾ 0.30.00, ಕೂಡಿದರೆ 2.10.00. ಸರಿಯಾಯಿತು. 10ನೇ ಕಾಲಂನಲ್ಲಿ ಹಕ್ಕು ಹೇಗೆ ಬಂತು ಎಂಬುದೂ ಎಂಆರ್ (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆಯೂ ಇರುತ್ತವೆ. ಆ ಎಂಆರ್ ಪ್ರತಿ ತೆಗೆಸಿ ಓದಿದರೆ ಜಮೀನಿನ ಹಿಂದಿನ ಕಥೆ ತಿಳಿಯುತ್ತದೆ. 11ನೇ ಕಾಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು: ಬ್ಯಾಂಕಿನ ಸಾಲ, ಕೋರ್ಟಿನ ತಡೆಯಾಜ್ಞೆ, ಪರಭಾರೆ ಮಾಡಬಾರದೆಂಬ ಷರತ್ತು. ಕೊಳ್ಳುವವರು ಮೊದಲು ಓದಬೇಕಾದ ಕಾಲಂ ಇದು. ಬಹಳ ಮಂದಿ ಕೊನೆಗೆ ಓದುತ್ತಾರೆ.

"ನಿಮ್ಮದು 3–9 ಮಿಸ್‌ಮ್ಯಾಚ್" ಅಂದರು. ಹಾಗಂದರೇನು?

ಮೇಲಿನ ಉದಾಹರಣೆಯಲ್ಲೇ ಮೂರನೆಯವರ ಹೆಸರಿನ ಮುಂದೆ 0.30ರ ಬದಲು 0.34 ಎಂದಿದ್ದರೆ ಒಟ್ಟು 2.14 ಆಗುತ್ತದೆ. 3ನೇ ಕಾಲಂನಲ್ಲಿ ಉಳಿದಿರುವುದು 2.10. ಎರಡೂ ತಾಳೆಯಾಗುವುದಿಲ್ಲ. ಖರಾಬು ಕಳೆಯುವುದನ್ನು ಮರೆತಾಗ ಹೀಗಾಗುತ್ತದೆ. ಅರ್ಧ ಜಮೀನು ಮಾರಿದ ಮೇಲೂ ಹಳೆಯ ವಿಸ್ತೀರ್ಣವನ್ನು ಇಳಿಸದೆ ಬಿಟ್ಟಾಗ, ಕೈಬರಹದ ಪಹಣಿಯನ್ನು ಗಣಕಕ್ಕೆ ಏರಿಸುವಾಗ ಅಂಕಿ ತಪ್ಪಿದಾಗಲೂ ಆಗುತ್ತದೆ. ತಾಳೆಯಾಗುವವರೆಗೆ ಮುಂದಿನ ವ್ಯವಹಾರಗಳು ನಿಂತುಹೋಗುತ್ತವೆ.

ತಹಶೀಲ್ದಾರರಿಗೆ ಪಹಣಿ ತಿದ್ದುಪಡಿಗೆ ಅರ್ಜಿ ಕೊಡಿ. ಜೊತೆಗೆ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಪಟ್ಟಿ) ಪ್ರತಿ, ಹಳೆಯ ಕೈಬರಹದ ಪಹಣಿ, ಸಂಬಂಧಿಸಿದ ಎಂಆರ್ ಪ್ರತಿ ಇರಲಿ. ವಿಸ್ತೀರ್ಣದ ಜಗಳದಲ್ಲಿ ಅಧಿಕಾರಿಗಳು ಮೊದಲು ತೆಗೆದು ನೋಡುವುದು ಆಕಾರಬಂದನ್ನೇ, ಅದು ಸರ್ವೆ ಇಲಾಖೆಯ ದಾಖಲೆ. ತಿದ್ದುಪಡಿಯಿಂದ ಒಬ್ಬರ ಪಾಲು ಕಡಿಮೆಯಾಗುವುದಾದರೆ ಅವರಿಗೆ ನೋಟಿಸು ಹೋಗಲೇಬೇಕು. "ನಾಳೆನೇ ಮಾಡಿಸಿಕೊಡ್ತೀನಿ" ಅನ್ನುವವರನ್ನು ನಂಬಬೇಡಿ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಪಹಣಿ ಅವರ ಹೆಸರಲ್ಲೇ ಇದೆ.

ಇದಕ್ಕೆ ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಬೇಕು. ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕು ಎಂದು ಭೂ ಕಂದಾಯ ಕಾಯ್ದೆಯ 128ನೇ ಕಲಂ ಹೇಳುತ್ತದೆ. ಊರಲ್ಲಿ ಯಾರೂ ಆ ಅವಸರದಲ್ಲಿರುವುದಿಲ್ಲ. ಸಾಲ ಬೇಕಾದಾಗ, ರಸ್ತೆಗೆ ಜಮೀನು ಹೋಗಿ ಪರಿಹಾರ ಬಂದಾಗ ಓಡಾಟ ಶುರು. ತಡವಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಆದರೆ ತಡವಾದಷ್ಟೂ ವಂಶವೃಕ್ಷ ಉದ್ದವಾಗುತ್ತದೆ. ಅಜ್ಜನ ಹೆಸರಲ್ಲೇ ಉಳಿದ ಜಮೀನಿಗೆ ಈಗ ಮೊಮ್ಮಕ್ಕಳು, ಅವರ ಹೆಂಡಂದಿರು, ಊರು ಬಿಟ್ಟು ಹೋದ ಚಿಕ್ಕಪ್ಪನ ಮಕ್ಕಳು ಎಲ್ಲರೂ ಬೇಕು.

ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಆಧಾರ್. ಅರ್ಜಿಯನ್ನು ನಾಡಕಚೇರಿಯಲ್ಲೂ ತಾಲ್ಲೂಕಿನ ಭೂಮಿ ಕೇಂದ್ರದಲ್ಲೂ ಕೊಡಬಹುದು. ಮರಣ ನೋಂದಣಿಯೇ ಆಗಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿ. ಒಂದು ವರ್ಷ ದಾಟಿದ ಮರಣಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಾದ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ಮತ್ತು ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ, ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ.

ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನೂ ಹಾಕಬೇಕಾ?

ಹಾಕಬೇಕು. ತಾಲ್ಲೂಕು ಕಚೇರಿ ಮುಂದಿನ ಅರಳಿಕಟ್ಟೆಯಲ್ಲಿ ಅತಿ ಹೆಚ್ಚು ಮುಖ ಸಿಂಡರಿಸುವುದು ಈ ಉತ್ತರಕ್ಕೇ.

ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಆತನ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮೊದಲೇ ಹೆಜ್ಜೆ ಇಟ್ಟಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಭೇದವೂ ಹೋಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮುಗಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗವನ್ನು ಮಾತ್ರ ಈಗ ಕೆದಕುವಂತಿಲ್ಲ. ಮುಸ್ಲಿಮರಿಗೆ, ಕ್ರೈಸ್ತರಿಗೆ ಅವರವರ ಉತ್ತರಾಧಿಕಾರದ ನಿಯಮಗಳಿವೆ.

"ಅವರೇ ಬೇಡ ಅಂದಿದ್ದಾರೆ" ಎಂಬ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಬೇಡವಾದರೆ ಅವರೇ ಬಂದು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಬೇಕು. ವಂಶವೃಕ್ಷದಿಂದ ತಂಗಿಯ ಹೆಸರನ್ನೇ ಬಿಟ್ಟು ಪ್ರಮಾಣಪತ್ರ ಸಲ್ಲಿಸುವುದು ಜಾಣತನವಲ್ಲ, ಸುಳ್ಳು ಪ್ರಮಾಣ. ಹತ್ತು ವರ್ಷದ ನಂತರ ಆಕೆಯ ಮಕ್ಕಳು ದಾವೆ ಹೂಡಿದಾಗ ಖಾತೆ, ಅದರ ಮೇಲಿನ ಮಾರಾಟ, ಕೊಂಡವರ ಮನೆ ಎಲ್ಲವೂ ಅಲ್ಲಾಡುತ್ತವೆ.

ಜಂಟಿ ಪಹಣಿಯಲ್ಲಿ ನನ್ನ ಪಾಲು ಇದೆ. ಅಷ್ಟನ್ನು ಮಾತ್ರ ಮಾರಬಹುದಾ?

ಮಾರುವ ಭಾಗಕ್ಕೆ 11ಇ ನಕ್ಷೆ ಬೇಕು. ಒಂದು ಸರ್ವೆ ನಂಬರಿನ ತುಂಡನ್ನು ಮಾರುವಾಗ ಯಾವ ತುಂಡು, ಎಷ್ಟು ಅಳತೆ, ಯಾವ ದಿಕ್ಕಿಗೆ ಎಂಬುದನ್ನು ಮೊದಲೇ ಗುರುತಿಸುವ ನಕ್ಷೆ ಅದು. ಹಿಂದೆ "ಪೂರ್ವಕ್ಕೆ ಬೇವಿನ ಮರ, ಪಶ್ಚಿಮಕ್ಕೆ ತಮ್ಮನ ಗದ್ದೆ" ಎಂದು ಬರೆದು ರಿಜಿಸ್ಟರ್ ಮಾಡಿಬಿಡುತ್ತಿದ್ದರು. ಮರ ಕಡಿದ ಮೇಲೆ ಜಗಳ. ಈಗ ಸರ್ವೆ ಇಲಾಖೆಯ ಗಣಕ ವ್ಯವಸ್ಥೆಯಾದ ಮೋಜಿಣಿ ಮೂಲಕ ಅರ್ಜಿ, ಅಳತೆ, ನಕ್ಷೆ, ಆಮೇಲೆ ನೋಂದಣಿ. ಪಾಲುದಾರರೆಲ್ಲ ಕೂತು ನೋಂದಾಯಿತ ವಿಭಾಗ ಮಾಡಿಕೊಳ್ಳುವುದಾದರೂ ನಕ್ಷೆಯೇ ಮೊದಲು.

ಪೋಡಿ ಅಂದರೆ ಈ ತುಂಡಿಗೆ ತನ್ನದೇ ಹಿಸ್ಸಾ ಸಂಖ್ಯೆ ಬಂದು ಟಿಪ್ಪಣಿ (ಸರ್ವೆಯವರ ಅಳತೆಯ ದಾಖಲೆ), ಆಕಾರಬಂದ್, ಪಹಣಿ ಬೇರೆಬೇರೆಯಾಗುವುದು. ಸರ್ಕಾರಿ ಜಮೀನಿನಲ್ಲಿ ಹಲವರಿಗೆ ದರಖಾಸ್ತಿನಲ್ಲಿ (ಜಮೀನು ಕೋರಿ ಕೊಟ್ಟ ಅರ್ಜಿಯ ಮೇಲೆ) ಮಂಜೂರಾಗಿ ಪೋಡಿ ಆಗದೆ ಉಳಿದ ಪ್ರಕರಣಗಳೇ ಎಲ್ಲಕ್ಕಿಂತ ಕಗ್ಗಂಟು. ಮಂಜೂರಾದ ಒಟ್ಟು ವಿಸ್ತೀರ್ಣ ಕೆಲವು ಕಡೆ ಸ್ಥಳದಲ್ಲಿರುವ ನೆಲಕ್ಕಿಂತಲೂ ಜಾಸ್ತಿ ಇರುತ್ತದೆ. ಆಗ ಅಳೆಯಲು ಬಂದವರು ಏನು ತಾನೇ ಮಾಡಿಯಾರು?

ಸರ್ವೆಯವರು ಬರುವ ದಿನ ನಾವೇನು ಮಾಡಬೇಕು?

ಗದ್ದೆಯಲ್ಲಿರಬೇಕು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ತಲುಪಿದೆಯೇ ನೋಡಿ, ತಲುಪಿಲ್ಲದಿದ್ದರೆ ಅಳತೆಗೆ ಮೊದಲೇ ಹೇಳಿ. ಆಮೇಲೆ ಅದೇ ತಕರಾರಿಗೆ ಕಾರಣವಾಗುತ್ತದೆ. ಹಿಂದಿನ ದಿನವೇ ಪೊದೆ ಸವರಿ ಬಾಂದು ಕಲ್ಲುಗಳನ್ನು ಹುಡುಕಿಟ್ಟುಕೊಳ್ಳಿ. ಒಂದು ಕಲ್ಲು ಸಿಕ್ಕರೂ ಅರ್ಧ ಕೆಲಸ ಆದಂತೆ.

ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರ ಬಂದಿದ್ದರೂ ಹಳೆಯ ಟಿಪ್ಪಣಿಗಳೆಲ್ಲ ಸರಪಳಿಯ ಲೆಕ್ಕದವು. ಒಂದು ಸರಪಳಿ ಅಂದರೆ 33 ಅಡಿ, ಅದರ 16ರಲ್ಲಿ ಒಂದು ಭಾಗ ಒಂದು ಆಣೆ; ಇಲ್ಲಿ ಆಣೆ ಉದ್ದದ ಅಳತೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. ಗುಂಟೆಗೆ 1,089 ಚದರಡಿ ಎಂಬ ವಿಚಿತ್ರ ಅಂಕಿ ಬಂದದ್ದು ಹೀಗೆ. ಟಿಪ್ಪಣಿಯ ಪ್ರತಿ ನಿಮ್ಮ ಕೈಯಲ್ಲಿದ್ದು, ಸರಪಳಿ ಆಣೆಯನ್ನು ಅಡಿಗೆ ತಿರುಗಿಸಲು ಬಂದರೆ ಅಳತೆ ಎಲ್ಲಿ ಜಾರುತ್ತಿದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ಕೊನೆಯಲ್ಲಿ ಪಂಚನಾಮೆಗೆ ಸಹಿ ಕೇಳುತ್ತಾರೆ. ಓದದೆ ಹಾಕಬೇಡಿ. ಒಪ್ಪಿಗೆಯಿಲ್ಲದಿದ್ದರೆ "ಆಕ್ಷೇಪಣೆಯೊಂದಿಗೆ" ಎಂದು ಬರೆದು ಸಹಿ ಮಾಡಿ.

ಹದ್ದುಬಸ್ತು (ಗಡಿ ಗುರುತಿಸುವ ಅಳತೆ) ಆಯಿತು, ಪಕ್ಕದವರು ಒತ್ತುವರಿ ಮಾಡಿರುವುದೂ ಗೊತ್ತಾಯಿತು. ತಹಶೀಲ್ದಾರ್ ಬಿಡಿಸಿಕೊಡುತ್ತಾರಾ?

ಖಾಸಗಿ ಜಮೀನಾದರೆ ಇಲ್ಲ. ಗಡಿ ತೋರಿಸುವುದಷ್ಟೇ ಸರ್ವೆಯವರ ಕೆಲಸ. ಬಿಡಿಸಿಕೊಳ್ಳಲು ಸಿವಿಲ್ ಕೋರ್ಟಿಗೆ ಹೋಗಬೇಕು. ಸರ್ಕಾರಿ ಜಮೀನು, ದಾರಿ, ಕೆರೆ ಒತ್ತುವರಿಯಾಗಿದ್ದರೆ ಮಾತ್ರ ಕಂದಾಯ ಇಲಾಖೆಗೆ ತೆರವಿನ ಅಧಿಕಾರವಿದೆ.

ನನಗೆ ಹೇಳದೆ ಮ್ಯುಟೇಶನ್ ಮಾಡಿಬಿಟ್ಟರು. ಈಗ?

ಉಪವಿಭಾಗಾಧಿಕಾರಿಗೆ, ಅಂದರೆ ಎಸಿಯವರಿಗೆ, ಭೂ ಕಂದಾಯ ಕಾಯ್ದೆಯ 136(2)ನೇ ಕಲಂ ಅಡಿ ಮೇಲ್ಮನವಿ. ಆದೇಶ ತಿಳಿದ ದಿನದಿಂದ 60 ದಿನ. ತಡವಾಗಿದ್ದರೆ ಯಾಕೆ ತಡವಾಯಿತು ಎಂದು ಬೇರೆ ಅರ್ಜಿಯಲ್ಲಿ ವಿವರಿಸಿ. ಅಲ್ಲೂ ಆಗದಿದ್ದರೆ 136(3)ರ ಅಡಿ ಜಿಲ್ಲಾಧಿಕಾರಿಗೆ. ಆದರೆ ತಕರಾರು ಮಾಲೀಕತ್ವದ್ದೇ ಆಗಿದ್ದರೆ, ಉದಾಹರಣೆಗೆ ಉಯಿಲು ಖೋಟಾ ಎಂದೋ ಕ್ರಯಪತ್ರ ನಕಲಿ ಎಂದೋ ಆದರೆ, ಎಸಿಯವರು ಸಿವಿಲ್ ಕೋರ್ಟಿಗೆ ಹೋಗಿ ಎಂದೇ ಹೇಳುತ್ತಾರೆ. ಅದನ್ನು ಮೊದಲೇ ಅರಿತು ನೇರವಾಗಿ ಹೋದರೆ ಎರಡು ಮೂರು ವರ್ಷ ಉಳಿಯುತ್ತದೆ.

ಅರ್ಜಿ ಕೊಟ್ಟೆ. "ಆಯ್ತು, ಹೋಗಿ" ಅಂದರು. ಸ್ವೀಕೃತಿ ಬೇಕಾ?

ಬೇಕೇ ಬೇಕು. ಸ್ವೀಕೃತಿ ಇಲ್ಲದಿದ್ದರೆ ಅರ್ಜಿಯನ್ನೇ ಕೊಟ್ಟಿಲ್ಲ ಎಂದು ಅರ್ಥ. ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆ 2011ರದ್ದು, ರಾಜ್ಯದೆಲ್ಲೆಡೆ ಜಾರಿಯಾದದ್ದು 2012ರ ಏಪ್ರಿಲ್ 2ರಂದು. ಅದರ ವ್ಯಾಪ್ತಿಗೆ ಬರುವ ಸೇವೆಗೆ ಅರ್ಜಿ ಕೊಟ್ಟರೆ ಜಿಎಸ್‌ಸಿ ಸಂಖ್ಯೆ ಇರುವ ಚೀಟಿ ಕೊಡಬೇಕು, ಅದರ ಮೇಲೆ ಕೆಲಸ ಮುಗಿಸಬೇಕಾದ ದಿನಾಂಕ ಇರುತ್ತದೆ. ದಿನ ಮೀರಿದರೆ ಮೇಲಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಕಾಯ್ದೆ ಇಟ್ಟಿದೆ.

ಆ 500 ರೂಪಾಯಿಗಾಗಿ ಯಾರೂ ಹೋಗುವುದಿಲ್ಲ, ಬಿಡಿ. ಆದರೆ ಜಿಎಸ್‌ಸಿ ಸಂಖ್ಯೆ ಇರುವ ಕಡತ ಗಡುವು ಮೀರಿದ ಪಟ್ಟಿಯಲ್ಲಿ ಮೇಲಧಿಕಾರಿಗಳ ಕಣ್ಣಿಗೆ ಬೀಳುತ್ತದೆ. ಸಂಖ್ಯೆ ಇಲ್ಲದ ಕಡತ ಯಾರ ಕಣ್ಣಿಗೂ ಬೀಳದು. ಗಡುವಿನ ಹಿಂದಿನ ದಿನ ಸಣ್ಣ ಕಾರಣಕ್ಕೆ ಅರ್ಜಿ ತಿರಸ್ಕರಿಸಿ ಲೆಕ್ಕ ಸರಿಮಾಡಿಕೊಳ್ಳುವ ರೂಢಿಯೂ ಇದೆ. ಹಾಗಾದರೆ ಕಾರಣವನ್ನು ಲಿಖಿತದಲ್ಲಿ ಪಡೆದು ಮೇಲ್ಮನವಿ ಹಾಕಿ. ಹೊಸ ಅರ್ಜಿ ಕೊಟ್ಟರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ನಿಜ ಹೇಳಿ, ಎಷ್ಟು ಕೊಡಬೇಕು?

ರಸೀದಿ ಕೊಡುವಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಿದವರಿಗೆ ರಕ್ಷಣೆ ಇದೆ. ಮಧ್ಯವರ್ತಿಗಳು ಕೇಳುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಕಚೇರಿಯ ಒಳಗೆ ಹೋಗುವುದೇ ಇಲ್ಲ. ತಾನಾಗಿಯೇ ಆಗಬೇಕಿದ್ದ ಕೆಲಸಕ್ಕೆ ಅವರು ಬೆಲೆ ಕಟ್ಟುತ್ತಾರೆ ಅಷ್ಟೇ.

ಕಡತ ಎಲ್ಲಿದೆ ಎಂದೇ ಹೇಳುತ್ತಿಲ್ಲ. ಆರ್‌ಟಿಐ ಹಾಕಲೇ?

ಹಾಕಿ, ಆದರೆ "ನನ್ನ ಕೆಲಸ ಯಾಕೆ ಆಗಿಲ್ಲ" ಎಂದು ಕೇಳಬೇಡಿ. ಅದು ಮಾಹಿತಿಯಲ್ಲ, ದೂರು. "ಇಂಥ ದಿನಾಂಕದ ಇಂಥ ಸಂಖ್ಯೆಯ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಎನ್ನಿ. ಆ ಹಾಳೆಯಲ್ಲಿ ಕಡತ ಯಾರ ಬಳಿ ಯಾವ ದಿನ ಬಂತು, ಅವರು ಏನು ಬರೆದರು ಎಂಬುದು ಇರುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ.

ಮಂಜೂರಾತಿ ಜಮೀನು ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದಾ?

ಅಗ್ಗ ಯಾಕೆ ಎಂದು ಮೊದಲು ಕೇಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. 1978ರ ಪಿಟಿಸಿಎಲ್ ಕಾಯ್ದೆ ಹೇಳುವುದು ಇದನ್ನು. ಎಷ್ಟು ವರ್ಷ ಕಳೆದಿದ್ದರೂ ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಸೇರಿಸಿತು. ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿ ಎರಡನ್ನೂ ನೋಡದೆ ಮುಂಗಡ ಕೊಡಬೇಡಿ. ಉಳಿದವರಿಗೆ ಆದ ಮಂಜೂರಾತಿಯಲ್ಲೂ ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರುತ್ತದೆ.

ರೈತರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲೇ ಹೋಗಿವೆ. ಅದು ಬೇರೆ ವಿಷಯ, ಇದರ ಜೊತೆ ಬೆರೆಸಬೇಡಿ.

ಸಾಲ ತೀರಿಸಿದೆ, ಪಹಣಿಯಲ್ಲಿ ಬ್ಯಾಂಕಿನ ಹೆಸರು ಹೋಗಿಲ್ಲ.

ಬ್ಯಾಂಕಿನಿಂದ ಋಣಮುಕ್ತ ಪತ್ರ ಪಡೆದು 11ನೇ ಕಾಲಂ ನಮೂದು ತೆಗೆಸಿ. ಅದಾದ ಮೇಲೆ ಹೊಸ ಪಹಣಿ ತೆಗೆದು ಕಣ್ಣಾರೆ ನೋಡಿ.

ನಾನು ಹಾಕಿದ್ದು ರಾಗಿ, ಪಹಣಿಯಲ್ಲಿ ಜೋಳ ಅಂತಿದೆ. ತೊಂದರೆಯಾ?

ವಿಮೆ ಕಟ್ಟಿದ್ದರೆ ದೊಡ್ಡ ತೊಂದರೆ. ಕಟ್ಟಿದ ಬೆಳೆಯೂ ಬೆಳೆ ಸಮೀಕ್ಷೆಯ ಬೆಳೆಯೂ ಹೊಂದದಿದ್ದರೆ ಪರಿಹಾರ ನಿಲ್ಲುತ್ತದೆ. ಸಮೀಕ್ಷೆ ನಡೆಯುವ ದಿನಗಳಲ್ಲೇ ರೈತರ ಆ್ಯಪ್‌ನಲ್ಲಿ ನೀವೇ ಫೋಟೊ ಸಮೇತ ಏರಿಸಿ, ಇಲ್ಲವೇ ತಪ್ಪಿದ್ದರೆ ಆಗಲೇ ಆಕ್ಷೇಪಣೆ ಹಾಕಿ. ಕೊಯ್ಲಾದ ಮೇಲೆ ತೋರಿಸಲು ಹೊಲದಲ್ಲಿ ಏನೂ ಇರುವುದಿಲ್ಲ.

ನಾನು ಹೊರದೇಶದಲ್ಲಿದ್ದೇನೆ. ಪಾಲು ಪತ್ರಕ್ಕೆ ಬರಲೇಬೇಕಾ?

ನಂಬಿಕಸ್ಥರಿಗೆ ಅಧಿಕಾರ ಪತ್ರ ಕೊಡಬಹುದು. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. "ಎಲ್ಲ ಆಸ್ತಿ, ಎಲ್ಲ ಅಧಿಕಾರ" ಎಂದು ಬರೆಯದೆ ಸರ್ವೆ ನಂಬರ್, ಮಾಡಬೇಕಾದ ಕೆಲಸ ಇಷ್ಟನ್ನೇ ನಮೂದಿಸಿ. ಅಣ್ಣನೇ ಆಗಿದ್ದರೂ ಸರಿ.

ಹಳೆಯ ಕೈಬರಹದ ಪಹಣಿ ಎಲ್ಲಿ ಸಿಗುತ್ತದೆ?

ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಅಂದರೆ ರೆಕಾರ್ಡ್ ರೂಮಿನಲ್ಲಿ. ಭೂಮಿ ಯೋಜನೆಯಲ್ಲಿ ಪಹಣಿ ಗಣಕಕ್ಕೆ ಏರಿದ್ದು 2000ದ ಆಸುಪಾಸಿನಲ್ಲಿ. ಅದರ ಹಿಂದಿನದೆಲ್ಲ ಕಟ್ಟುಗಳಲ್ಲಿದೆ, ಕೆಲವು ಸ್ಕ್ಯಾನ್ ಆಗಿವೆ. ಹಳೇ ಮೈಸೂರು ಭಾಗದವರು ಪಹಣಿಯ ಜೊತೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್) ಪ್ರತಿಯನ್ನೂ ಕೇಳಿ, ಅಜ್ಜನ ಕಾಲದ ಕ್ರಯದ ಸುಳಿವು ಅಲ್ಲೇ ಸಿಗುವುದು. ಅರ್ಜಿಯಲ್ಲಿ "ಹಳೇ ಪಹಣಿ ಬೇಕು" ಎಂದಷ್ಟೇ ಬರೆದರೆ ಹುಡುಕಲಾಗದು. ಊರು, ಹೋಬಳಿ, ಸರ್ವೆ ನಂಬರ್, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂಬುದನ್ನು ಬರೆಯಿರಿ. ದಾಖಲೆ ಇಲ್ಲ ಎಂದರೆ ಬಾಯಿಮಾತಿಗೆ ಒಪ್ಪಬೇಡಿ, "ಲಭ್ಯವಿಲ್ಲ" ಎಂದು ಹಿಂಬರಹ ಬರೆಸಿಕೊಳ್ಳಿ. ಮುಂದೆ ಕೋರ್ಟಿನಲ್ಲಿ ಬೇರೆ ದಾಖಲೆ ಹಾಜರುಪಡಿಸಲು ಆ ಹಿಂಬರಹವೇ ಆಧಾರ.